ಕಬ್ಬಿನ ಹಾಲು ಮತ್ತು ಟರ್ಬೊ ಕಾರು

ಶಿರಸಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಉದ್ದನೆಯ ಗಾಜಿನ ಅಳತೆ ಕೊಳವೆಗೆ 100 ಮಿಲಿಲೀಟರ್ ಪೆಟ್ರೋಲ್ ಸುರಿದು, ಅದಕ್ಕೆ 10 ಮಿಲಿಲೀಟರ್ ನೀರು ಹಾಕಿ, ಬಾಯಿ ಮುಚ್ಚಿ ಕುಲುಕಿದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, 10ರಲ್ಲಿ ಇರಬೇಕಾಗಿದ್ದ ತಳದ ನೀರು 30ರ ಗೆರೆಯ ಹತ್ತಿರ ನಿಂತಿತ್ತು. ನೀರು ಹುಟ್ಟಿಕೊಂಡದ್ದಲ್ಲ, ಪೆಟ್ರೋಲಿನಲ್ಲಿದ್ದ ಎಥನಾಲ್ ಎಂಬ ಮದ್ಯಸಾರ ಪಕ್ಷಾಂತರ ಮಾಡಿ ನೀರನ್ನು ಸೇರಿತ್ತು. ಬಂಕಿನಲ್ಲಿ ಈಗ ಸಿಗುವ ಇ20 ಎಂದರೆ ಇದೇ: ನೂರರಲ್ಲಿ 20 ಪಾಲು ಎಥನಾಲ್.

ಪರೀಕ್ಷೆ ಮಾಡಿಸಿದವನು ನನ್ನ ಅಕ್ಕನ ಮಗ. ಅವನ ಟರ್ಬೊ ಕಾರಿಗೆ ಫ್ಲೆಕ್ಸ್ ಫ್ಯೂಯೆಲ್ ಟ್ಯೂನ್ ಮಾಡಿಸುವ ಹುಚ್ಚು ಹತ್ತಿತ್ತು. ಟ್ಯಾಂಕಿನಲ್ಲಿ ಎಥನಾಲ್ ಎಷ್ಟೇ ಇರಲಿ, ಎಂಜಿನ್ ತಾನೇ ಹೊಂದಿಕೊಳ್ಳಬೇಕು. ನಾನು ತಕರಾರು ತೆಗೆದೆ: ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥನಾಲಿನಲ್ಲಿ 21. ಬಡ ಇಂಧನ ಹಾಕಿದರೆ ಓಟ ಹೆಚ್ಚುವುದು ಹೇಗೆ?

ಲೆಕ್ಕ ಹಾಕಿದಾಗ ನನ್ನ ತಪ್ಪು ತಿಳಿಯಿತು. ಎಂಜಿನ್ನಿಗೆ ಸಾಲದೆ ಬರುವುದು ಇಂಧನವಲ್ಲ, ಗಾಳಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಎಥನಾಲನ್ನು ಹೆಚ್ಚು ಸುರಿಯಬಹುದು. ಕೂಡಿಸಿ ಕಳೆದು ನೋಡಿದರೆ, ಈ ಎರಡರಲ್ಲಿ ಯಾವ ಇಂಧನವಾದರೂ ಒಂದು ಕಿಲೋ ಗಾಳಿಗೆ ಹುಟ್ಟುವ ಶಾಖ ಹೆಚ್ಚುಕಡಿಮೆ 3 ಮೆಗಾಜೂಲ್. ಮೈಲೇಜ್ ಕುಸಿಯುತ್ತದೆ, ಕಸುವು ಕುಸಿಯುವುದಿಲ್ಲ.

ಹೆಚ್ಚುವರಿ ಕಸುವು ಬರುವುದು ತಂಪಿನಿಂದ. ಸ್ಯಾನಿಟೈಸರ್ ಅಂಗೈಗೆ ಬಿದ್ದೊಡನೆ ತಣ್ಣಗಾಗುತ್ತದಲ್ಲ, ಸಿಲಿಂಡರಿನೊಳಗೂ ನಡೆಯುವುದು ಅದೇ. ಆವಿಯಾಗುವಾಗ ಎಥನಾಲ್ ಕಿಲೋಗೆ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ ಹೀರುತ್ತದೆ. ಸುರಿಯುವ ಪ್ರಮಾಣವೂ ಹೆಚ್ಚಾದ್ದರಿಂದ ಅದೇ ಗಾಳಿಯಿಂದ ಸುಮಾರು ನಾಲ್ಕು ಪಟ್ಟು ಶಾಖ ಕಸಿಯುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ, ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಸದ್ದು ಕೇಳುವುದುಂಟು. ಜ್ವಾಲೆ ತಲುಪುವ ಮೊದಲೇ ಬಿಸಿಯ ಒತ್ತಡಕ್ಕೆ ಕೊನೆಯ ಮಿಶ್ರಣ ತಾನಾಗಿ ಸಿಡಿಯುವ ಸದ್ದು ಅದು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ನಾಕಿಂಗ್. ಇದಕ್ಕೆ ಹೆದರಿ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ, ಕಸುವು ಕುಗ್ಗುತ್ತದೆ. ನಾಕಿಂಗ್ ತಡೆಯುವ ಶಕ್ತಿಯ ಅಳತೆಯಾದ ಆಕ್ಟೇನ್ ಎಥನಾಲಿಗೆ 108ರ ಆಸುಪಾಸು, ಮೇಲೆ ಈ ತಂಪು. ಹಾಗಾಗಿ ಕಿಡಿಯನ್ನು ಬೇಗ ಹೊತ್ತಿಸಬಹುದು, ಟರ್ಬೊ ತುಂಬುವ ಗಾಳಿಯ ಒತ್ತಡವನ್ನೂ ಏರಿಸಬಹುದು.

ಆದರೆ ಟ್ಯಾಂಕಿನಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ಗೊತ್ತಾಗಬೇಕು. ಇಂಧನದ ಪೈಪಿನ ನಡುವೆ ಕೂರಿಸುವ ಮುಷ್ಟಿ ಗಾತ್ರದ ಸೆನ್ಸರಿನ ಜಾಣತನ ನನಗೆ ಬಹಳ ಹಿಡಿಸಿತು. ಎರಡು ಲೋಹಗಳ ನಡುವೆ ಹರಿಯುವ ದ್ರವ ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ಅದು ಅಳೆಯುತ್ತದೆ. ಈ ಗುಣದಲ್ಲಿ ಪೆಟ್ರೋಲಿನ ಅಂಕ ಸುಮಾರು 2, ಎಥನಾಲಿನದು 24. ಶುದ್ಧ ಪೆಟ್ರೋಲ್ ಆದರೆ 50 ಹರ್ಟ್ಸ್, ಶುದ್ಧ ಎಥನಾಲ್ ಆದರೆ 150 ಹರ್ಟ್ಸ್ ಸಂಕೇತ. ನಡುವಿನ ಅಂಕಕ್ಕೆ ತಕ್ಕಂತೆ ಕಂಪ್ಯೂಟರ್ ಎರಡು ಮ್ಯಾಪ್‌ಗಳ, ಅಂದರೆ ಎಷ್ಟು ಇಂಧನ, ಯಾವಾಗ ಕಿಡಿ ಎಂದು ಪೆಟ್ರೋಲಿಗೂ ಎಥನಾಲಿಗೂ ಬೇರೆಬೇರೆಯಾಗಿ ಬರೆದ ಪಟ್ಟಿಗಳ, ನಡುವೆ ಜಾಗ ಹಿಡಿಯುತ್ತದೆ. ಟ್ಯೂನ್ ಎಂದರೆ ಮುಖ್ಯವಾಗಿ ಈ ಮ್ಯಾಪ್‌ಗಳನ್ನು ಬರೆಯುವ ಕೆಲಸ. 85 ಪಾಲು ಎಥನಾಲ್ ಇರುವ ಇ85ಕ್ಕೆ 30ರಿಂದ 40 ಶೇಕಡಾ ಹೆಚ್ಚು ಇಂಧನ ಬೇಕಾಗುವುದರಿಂದ ಇಂಧನ ಚಿಮ್ಮಿಸುವ ಇಂಜೆಕ್ಟರ್, ಪಂಪು ಎರಡೂ ದೊಡ್ಡವಾಗಬೇಕು. ಅವು ಸಾಲದೆ ಹೋದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ, ಪೂರ್ತಿ ವೇಗದಲ್ಲಿ ಪಿಸ್ಟನ್ನಿಗೇ ಕುತ್ತು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕು ನೀರು. ಸೆನ್ಸರಿನ ಲೆಕ್ಕದಲ್ಲಿ ನೀರಿನ ಅಂಕ 80. ಇಂಧನದಲ್ಲಿ ಅದು ಕರಗಿಕೊಂಡರೆ ಸೆನ್ಸರ್ ಎಥನಾಲ್ ಹೆಚ್ಚಿದೆಯೆಂದು ಮೋಸಹೋಗುತ್ತದೆ. ಇ20ರಲ್ಲಿ ನೀರು ಮಿತಿ ದಾಟಿದರೆ ಎಥನಾಲನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ, ಗಾಜಿನ ಕೊಳವೆಯಲ್ಲಿ ಕಂಡ ಹಾಗೆಯೇ. ಆಶ್ಚರ್ಯವೆಂದರೆ, ಇ85 ಬಹಳಷ್ಟು ನೀರನ್ನು ಕರಗಿಸಿಕೊಂಡೇ ಇರಬಲ್ಲದು. ಕಾರವಾರದಲ್ಲಿ ಮಳೆಗಾಲವಿಡೀ ಕಾರನ್ನು ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಡುವವರು ಇದನ್ನು ನೆನಪಿಡಬಹುದು. ಚಳಿಯ ಮುಂಜಾವಿನಲ್ಲಿ ಎಥನಾಲ್ ಬೇಗ ಆವಿಯಾಗದೆ ಎಂಜಿನ್ ಹಟ ಹಿಡಿಯುತ್ತದೆ. ಬ್ರೆಜಿಲ್‌ನಲ್ಲಿ 2003ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್‌ನಂಥ ಕಾರುಗಳಲ್ಲಿ ಇದಕ್ಕೆಂದೇ ಪೆಟ್ರೋಲಿನ ಪುಟ್ಟ ಟ್ಯಾಂಕ್ ಇಟ್ಟಿದ್ದರು.

ನಮ್ಮ ಜಿಲ್ಲೆಯಲ್ಲಿ ಹಳಿಯಾಳದ ಕಡೆ ಕಬ್ಬು ಬೆಳೆಯುತ್ತದೆ. ಶಿರಸಿ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಬೆಲ್ಲವಾಗುತ್ತದೆ. ಅದೇ ಹಾಲನ್ನು ಹುಳಿಸಿ ಭಟ್ಟಿ ಇಳಿಸಿದರೆ ಎಥನಾಲ್. ಆದರೂ ನಮ್ಮ ಊರಿನ ಬಂಕಿನಲ್ಲಿ ಇ85 ಇಲ್ಲ. ಅಳಿಯ ಸೆನ್ಸರನ್ನು ಮಾತ್ರ ಹಾಕಿಸಿದ. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕೆಂದು ನಾನು ಹಿಡಿದ ಹಟ ಫಲಿಸಿತ್ತು. ಕುಮಟಾಕ್ಕೆ ಇಳಿಯುವಾಗ, ಮತ್ತೆ ಹತ್ತುವಾಗ, ಮೊಬೈಲಿನ ಪರದೆಯಲ್ಲಿ ಅದೇ ಅಂಕ ಕದಲದೆ ಕೂತಿತ್ತು: 70 ಹರ್ಟ್ಸ್, 20 ಶೇಕಡಾ.

“ಮಾವ, ಗಾಜಿನ ಕೊಳವೆ ಹೇಳಿದ್ದೂ ಇದನ್ನೇ” ಎಂದ, ಕೊಂಚ ನಿರಾಸೆಯಿಂದಲೇ.