ಡಿಸ್ಕ್ ಗಾಲ್ಫ್ ಬ್ಯಾಗ್: ಹೊರುವುದಕ್ಕಿಂತ ಎತ್ತಿಡುವುದೇ ಜಾಸ್ತಿ

ಬೆನ್ನಿಗೆ ಹಾಕುವ ಬ್ಯಾಗ್ ಬಗ್ಗೆ ಯಾರನ್ನು ಕೇಳಿದರೂ ಚಾರಣದ ಪಾಠವನ್ನೇ ಹೇಳುತ್ತಾರೆ. ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡಿರಬೇಕು, ಸೊಂಟದ ಪಟ್ಟಿ ಬಿಗಿಯಾಗಿರಬೇಕು, ಹೆಗಲ ಮೇಲೆ ಜಾಸ್ತಿ ಹೊರೆ ಬೀಳಬಾರದು. ಬೆಟ್ಟ ಹತ್ತುವವರಿಗೆ ಇದೆಲ್ಲ ಸರಿಯೇ. ಡಿಸ್ಕ್ ಗಾಲ್ಫ್ ಆಡುವವರಿಗೆ ಮಾತ್ರ ಇದರಲ್ಲಿ ಅರ್ಧದಷ್ಟು ಉಪಯೋಗಕ್ಕೇ ಬರುವುದಿಲ್ಲ. ಚಾರಣದ ಬ್ಯಾಗ್ ಒಮ್ಮೆ ಬೆನ್ನೇರಿದರೆ ಒಂದೆರಡು ಗಂಟೆ ಅಲ್ಲೇ ಇರುತ್ತದೆ. ಡಿಸ್ಕ್ ಗಾಲ್ಫ್ ಬ್ಯಾಗ್ ಐದು ನಿಮಿಷವೂ ಬೆನ್ನ ಮೇಲೆ ನಿಲ್ಲುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಿಯಮ ಹೆಚ್ಚುಕಡಿಮೆ ಗಾಲ್ಫ್‌ನದೇ. ಚೆಂಡಿನ ಬದಲು ಫ್ರಿಸ್‌ಬಿ ಜಾತಿಯ ಡಿಸ್ಕ್, ಗುಳಿಯ ಬದಲು ಸರಪಳಿ ಇಳಿಬಿಟ್ಟ ಲೋಹದ ಬಾಸ್ಕೆಟ್. ಎಡ್ ಹೆಡ್ರಿಕ್ 1975ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಕಾಯಂ ಕೋರ್ಸ್, ಅಂದರೆ ಆಟದ ಅಂಗಳ, ಮಾಡಿದರು. ಮರುವರ್ಷ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಎಂಬ ಸಂಘ ಕಟ್ಟಿದರು. ಈಗ ಅಮೆರಿಕದ ಪಾರ್ಕ್‌ಗಳಲ್ಲಿ, ಫಿನ್‌ಲ್ಯಾಂಡ್, ಸ್ವೀಡನ್, ಎಸ್ಟೋನಿಯಾಗಳ ಕಾಡಿನಲ್ಲಿ ಎಲ್ಲಿ ನೋಡಿದರೂ ಈ ಬಾಸ್ಕೆಟ್‌ಗಳೇ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲೋ ಆಸ್ಟಿನ್‌ನ ಜಿಲ್ಕರ್ ಪಾರ್ಕ್‌ನಲ್ಲೋ ವಾಕಿಂಗ್ ಹೋಗುವ ಕನ್ನಡಿಗರಿಗೆ ಆ ಸರಪಳಿಯ ಸದ್ದು ಗೊತ್ತಿರುತ್ತದೆ.

ಈಗ ಲೆಕ್ಕ. ಒಂದು ಪೂರ್ತಿ ಕೋರ್ಸ್‌ಗೆ 18 ಬಾಸ್ಕೆಟ್. ಒಂದೊಂದಕ್ಕೆ ಮೂರು ಎಸೆತ ಎಂದರೂ 54 ಎಸೆತ. ಪ್ರತಿ ಎಸೆತಕ್ಕೂ ಮುಂಚೆ ಬ್ಯಾಗ್ ಕೆಳಗಿಡಬೇಕು, ಬಗ್ಗಿ ಡಿಸ್ಕ್ ಆರಿಸಬೇಕು, ಎಸೆದ ಮೇಲೆ ಮತ್ತೆ ಬ್ಯಾಗ್ ಎತ್ತಬೇಕು. ಬಾಸ್ಕೆಟ್‌ಗೆ ಬೀಳದ ಡಿಸ್ಕ್ ನೆಲದಲ್ಲಿರುತ್ತದೆ, ಅದಕ್ಕೂ ಬಗ್ಗಬೇಕು. ಎರಡು ಮೂರು ಗಂಟೆಯ ಆಟದಲ್ಲಿ ನೂರು ಸಲ ಬಗ್ಗುವುದು ಸುಲಭವಾಗಿ ಆಗಿಬಿಡುತ್ತದೆ. ಅಂಗಡಿಯಲ್ಲಿ ಮಾತ್ರ ಮೊದಲು ಕೇಳುವ ಪ್ರಶ್ನೆ, "ಎಷ್ಟು ಡಿಸ್ಕ್ ಹಿಡಿಸುತ್ತೆ?"

ಹೌದು, ಅಷ್ಟೊಂದು ಡಿಸ್ಕ್ ಯಾಕೆ? ಒಂದೇ ಸಾಲದಾ?

ಸಾಲುವುದಿಲ್ಲ, ಅದಕ್ಕೆ ಕಾರಣ ಡಿಸ್ಕ್ ಹಾರುವ ರೀತಿಯಲ್ಲೇ ಇದೆ. ಬಲಗೈಯವರು ಬ್ಯಾಕ್‌ಹ್ಯಾಂಡ್ (ತೋಳನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸುವ ರೀತಿ) ಎಸೆದರೆ, ಮೇಲಿನಿಂದ ನೋಡಿದಾಗ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿರುತ್ತದೆ. ಕೈಬಿಟ್ಟಾಗ ವೇಗ ಜಾಸ್ತಿ. ಆಗ ಗಾಳಿ ಮೇಲಕ್ಕೆತ್ತುವ ಬಲ ಡಿಸ್ಕ್‌ನ ನಡುವಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಮೂಗನ್ನು ಕೆಳಕ್ಕೆ ಒತ್ತಲು ನೋಡುತ್ತದೆ. ತಿರುಗುವ ವಸ್ತುವಿನ ಸ್ವಭಾವ ವಿಚಿತ್ರ, ಮುಂದೆ ಒತ್ತಿದರೆ ಅದು ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಡಿಸ್ಕ್ ಮೂಗು ಮುಗ್ಗರಿಸುವ ಬದಲು ಬಲಕ್ಕೆ ವಾಲುತ್ತದೆ. ವೇಗ ಇಳಿದಂತೆ ಆ ಬಲ ನಡುವಿನಿಂದ ಮುಂದಕ್ಕೆ ಸರಿಯುತ್ತದೆ, ಆಗ ಎಡಕ್ಕೆ ವಾಲಿ ಇಳಿಯುತ್ತದೆ. ಎಷ್ಟು ಬಲಕ್ಕೆ, ಎಷ್ಟು ಎಡಕ್ಕೆ ಅನ್ನುವುದು ಅಂಚಿನ ಆಕಾರದ ಮೇಲೆ ನಿಂತಿದೆ. ದೂರಕ್ಕೆ ಡ್ರೈವರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಬಾಸ್ಕೆಟ್ ಹತ್ತಿರ ಪಟರ್. ಇನ್ನೊಂದು ತಮಾಷೆ ಇದೆ. ಮರಕ್ಕೆ ಬಡಿದು ಬಡಿದು ಅಂಚು ಸವೆದ ಡಿಸ್ಕ್, ಹೊಸದಕ್ಕಿಂತ ಜಾಸ್ತಿ ಬಲಕ್ಕೆ ಹೋಗತೊಡಗುತ್ತದೆ. ಆದ್ದರಿಂದ ಒಂದೇ ಮಾದರಿಯಲ್ಲಿ ಹೊಸದೊಂದು, ಅರ್ಧ ಸವೆದದ್ದೊಂದು, ಹಳೆಯದೊಂದು ಇಟ್ಟುಕೊಳ್ಳುವವರಿದ್ದಾರೆ. ಸ್ವಲ್ಪ ಗೀಳೂ ಇದೆ ಅನ್ನಿ.

ನಿಯಮದ ಪ್ರಕಾರ ಡಿಸ್ಕ್‌ನ ತೂಕ, ಅದರ ವ್ಯಾಸದ ಒಂದೊಂದು ಸೆಂಟಿಮೀಟರ್‌ಗೆ 8.3 ಗ್ರಾಂ ಮೀರುವಂತಿಲ್ಲ. 21.2 ಸೆಂ.ಮೀ. ಡ್ರೈವರ್ ಅಂದರೆ ಸುಮಾರು 176 ಗ್ರಾಂ. ಡಿಸ್ಕ್‌ನ ಹಿಂದೆ 175 ಎಂದು ಬರೆದಿರುವುದು ಅಷ್ಟೊಂದು ಕಾಣುವುದು ಇದಕ್ಕೇ. ಅಂಥ ಇಪ್ಪತ್ತಕ್ಕೆ ಮೂರೂವರೆ ಕೆಜಿ. ಖಾಲಿ ಬ್ಯಾಗೇ ಒಂದೂವರೆ ಎರಡು ಕೆಜಿ ಇರುತ್ತದೆ. ಒಂದು ಲೀಟರ್ ನೀರು, ಟವಲ್, ಮಳೆಕೋಟು, ತಿಂಡಿ ಸೇರಿದರೆ ಏಳು ಕೆಜಿ ಆಯಿತು.

ಏಳು ಕೆಜಿ ಏನು ಮಹಾ? ಬೆನ್ನ ಮೇಲಿದ್ದಾಗ ಏನೂ ಅಲ್ಲ. ಬಗ್ಗಿ ಎತ್ತುವಾಗ ಲೆಕ್ಕ ಬದಲಾಗುತ್ತದೆ. ತೂಕಕ್ಕಿಂತ, ಆ ತೂಕ ಸೊಂಟದ ಮೂಳೆಯಿಂದ ಎಷ್ಟು ದೂರದಲ್ಲಿದೆ ಅನ್ನುವುದು ಮುಖ್ಯ. ಬಗ್ಗಿದಾಗ ಬ್ಯಾಗ್ ಸೊಂಟದಿಂದ 40 ಸೆಂ.ಮೀ. ಮುಂದಿದೆ ಎನ್ನಿ. ಬೆನ್ನನ್ನು ನೆಟ್ಟಗೆ ಮಾಡುವ ಸ್ನಾಯುಗಳು ಬೆನ್ನುಮೂಳೆಗೆ ತೀರಾ ಹತ್ತಿರ, ಸುಮಾರು 5 ಸೆಂ.ಮೀ. ಹಿಂದೆ ಇವೆ. ಅಂದರೆ ಅವು ಬ್ಯಾಗಿನ ಎಂಟು ಪಟ್ಟು ಬಲ ಹಾಕಿ ಎಳೆಯಬೇಕು. ಏಳು ಕೆಜಿ ಬ್ಯಾಗಿಗೆ 56 ಕೆಜಿ ತೂಕದಷ್ಟು ಎಳೆತ.

ಅಷ್ಟೇ ಆಗಿದ್ದರೆ ಡಿಸ್ಕ್ ಕಡಿಮೆ ಮಾಡಿ ಅಂದುಬಿಡಬಹುದಿತ್ತು. ಆದರೆ ಬಗ್ಗಿದಾಗ ಬ್ಯಾಗಿನ ಜೊತೆ ಇನ್ನೊಂದು ಹೊರೆಯೂ ಮುಂದಕ್ಕೆ ತೂಗುತ್ತಿರುತ್ತದೆ. ನಿಮ್ಮದೇ ದೇಹ! 70 ಕೆಜಿ ಮನುಷ್ಯನ ತಲೆ, ತೋಳು, ಎದೆ, ಹೊಟ್ಟೆ ಎಲ್ಲ ಸೇರಿ ಸೊಂಟದ ಮೇಲೆ 40 ಕೆಜಿ ಹತ್ತಿರ ಇರುತ್ತದೆ. ಪೂರ್ತಿ ಬಗ್ಗಿದಾಗ ಅದರ ನಡುಬಿಂದು ಸೊಂಟದಿಂದ ಸುಮಾರು 25 ಸೆಂ.ಮೀ. ಮುಂದೆ ಹೋಗುತ್ತದೆ. ಅದನ್ನು ಹಿಡಿಯಲು ಸ್ನಾಯುಗಳು 200 ಕೆಜಿ ತೂಕದಷ್ಟು ಎಳೆಯಬೇಕು. ಒಂದು ಕೆಜಿ ಕಡಿಮೆ ಮಾಡಲು ಆರು ಡಿಸ್ಕ್ ಮನೆಯಲ್ಲೇ ಬಿಟ್ಟು ಬಂದಿರಿ ಅನ್ನಿ, ಒಟ್ಟು 256ರಲ್ಲಿ ಉಳಿತಾಯ ಬರೀ 8. ಅದೇ ಬ್ಯಾಗಿನ ಹಿಡಿ ಎತ್ತರದಲ್ಲಿದ್ದು ನೀವು 30 ಡಿಗ್ರಿಯಷ್ಟೇ ಬಗ್ಗಿದರೆ ದೇಹದ ಪಾಲು ಅರ್ಧಕ್ಕೆ ಇಳಿಯುತ್ತದೆ. ಉಳಿತಾಯ 100. ಇದು ಒರಟು ಲೆಕ್ಕ, ವ್ಯಕ್ತಿಯಿಂದ ವ್ಯಕ್ತಿಗೆ ಅಂಕಿ ಬದಲಾಗುತ್ತದೆ. ಆದರೂ ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನುವುದರಲ್ಲಿ ಸಂಶಯ ಇಲ್ಲ.

ಆದ್ದರಿಂದ ಬ್ಯಾಗ್ ಕೊಳ್ಳುವಾಗ ನಾನು ಮೊದಲು ನೋಡುವುದು ಎತ್ತರ. ನೆಲದ ಮೇಲೆ ನಿಲ್ಲಿಸಿದಾಗ ಮೇಲಿನ ಹಿಡಿ ಮೊಣಕಾಲಿನ ಮಟ್ಟಕ್ಕಾದರೂ ಬರಬೇಕು. ಮಡಚುವ ಕಾಲುಗಳಿರುವ ಬ್ಯಾಗ್‌ಗಳು ಬರುತ್ತವೆ. ಕಾಲು ಬಿಚ್ಚಿದರೆ ಬ್ಯಾಗ್ ಇನ್ನೊಂದಷ್ಟು ಮೇಲೇಳುತ್ತದೆ, ಒದ್ದೆ ಹುಲ್ಲಿಗೂ ತಾಗುವುದಿಲ್ಲ. ಪಟರ್‌ಗಳಿಗೆ ಬ್ಯಾಗಿನ ತಲೆಯ ಮೇಲೇ ಪ್ರತ್ಯೇಕ ಜೇಬು ಇರಬೇಕು. ಪ್ರತಿ ಬಾಸ್ಕೆಟ್‌ಗೂ ಪಟರ್ ಬೇಕೇ ಬೇಕು, ಅದಕ್ಕಾಗಿ ಕೆಳಗಿನ ಅರೆಗೆ ಕೈ ಹಾಕುವುದು ದಡ್ಡತನ. ಇನ್ನು ಬಾಸ್ಕೆಟ್ ಹತ್ತಿರ ಬಂದ ಮೇಲೆ ಬ್ಯಾಗನ್ನು ಜೊತೆಗೇ ಎಳೆದಾಡಬೇಡಿ. ಮುಂದಿನ ಟೀ (ಮುಂದಿನ ಬಾಸ್ಕೆಟ್‌ಗೆ ಮೊದಲ ಎಸೆತ ಎಸೆಯುವ ಜಾಗ) ಯಾವ ಕಡೆ ಇದೆಯೋ ಆ ಕಡೆ ಇಟ್ಟು, ಪಟರ್ ಮಾತ್ರ ಹಿಡಿದು ಹೋಗಿ. ಪಟರ್‌ನಿಂದ ಎರಡನೇ ಎಸೆತ ಹಾಕಬೇಕಾಗಿ ಬಂದರೂ ಬ್ಯಾಗ್ ಎತ್ತುವುದು ಒಂದೇ ಸಲ.

ನೆಲದಿಂದ ಬರೀ ಡಿಸ್ಕ್ ಎತ್ತಲು ಫಿಸಿಯೋಥೆರಪಿಯವರು ಗಾಲ್ಫರ್ಸ್ ಲಿಫ್ಟ್ ಅನ್ನುವುದನ್ನು ಹೇಳಿಕೊಡುತ್ತಾರೆ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ, ಸೊಂಟದಿಂದ ಬಗ್ಗುವುದು. ಹಿಂದಕ್ಕೆ ಹೋದ ಕಾಲು ಮುಂದೆ ಬಾಗಿದ ದೇಹಕ್ಕೆ ಸಮತೂಕ ಕೊಡುತ್ತದೆ, ಬೆನ್ನೂ ನೆಟ್ಟಗೇ ಇರುತ್ತದೆ. ಹಗುರ ವಸ್ತುಗಳಿಗೆ ಮಾತ್ರ ಇದು. ಬ್ಯಾಗಿಗಾದರೆ ಹತ್ತಿರ ಹೋಗಿ, ಮೊಣಕಾಲು ಮಡಚಿ ಎತ್ತಿ.

ಈಗ ಬ್ಯಾಗಿನ ಒಳಗೆ ನೋಡೋಣ. ಡಿಸ್ಕ್‌ಗಳು ಕೆಳಗಿನ ಅರೆಯಲ್ಲಿ ಅಂಚಿನ ಮೇಲೆ ನಿಂತು, ಎಡದಿಂದ ಬಲಕ್ಕೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಜಿಪ್ ಬೆನ್ನಿನ ಕಡೆಗಲ್ಲ, ಹೊರಗಡೆಗೆ. ಡಿಸ್ಕ್‌ನ ಅಗಲ 21 ಸೆಂ.ಮೀ. ಆದ್ದರಿಂದ ಆ ಇಡೀ ಸಾಲಿನ ನಡುಬಿಂದು ಬೆನ್ನಿನಿಂದ ಹತ್ತು ಹನ್ನೊಂದು ಸೆಂ.ಮೀ. ಹಿಂದೆ ಇದ್ದೇ ಇರುತ್ತದೆ. ಅದಕ್ಕಿಂತ ಹತ್ತಿರ ತರಲು ಸಾಧ್ಯವೇ ಇಲ್ಲ. ಚಾರಣದ ಬ್ಯಾಗ್ ಮಾಡುವವರಿಗೆ ಇದನ್ನು ತೋರಿಸಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಭಾರವೆಲ್ಲ ಕೆಳಗೆ, ಬೆನ್ನಿನಿಂದ ದೂರ!

ಆದರೆ ಇದಕ್ಕೂ ಕಾರಣ ಇದೆ. ಈ ಬ್ಯಾಗ್ ಆಟದ ಉದ್ದಕ್ಕೂ ನೂರು ಥರದ ಇಳಿಜಾರಿನಲ್ಲಿ ತಾನಾಗೇ ನಿಲ್ಲಬೇಕು. ತಳ 25 ಸೆಂ.ಮೀ. ಆಳ, ಭಾರದ ನಡುಬಿಂದು ನೆಲದಿಂದ 20 ಸೆಂ.ಮೀ. ಎತ್ತರ ಇದ್ದರೆ ಸುಮಾರು 32 ಡಿಗ್ರಿ ಇಳಿಜಾರಿನವರೆಗೂ ಬೀಳುವುದಿಲ್ಲ. ಮೇಲಿನ ಅರೆಗೆ ನಾಲ್ಕು ಬಾಟಲಿ ತುಂಬಿ ನಡುಬಿಂದುವನ್ನು 35 ಸೆಂ.ಮೀ.ಗೆ ಏರಿಸಿದಿರೋ, 20 ಡಿಗ್ರಿಗೇ ಮಗುಚುತ್ತದೆ. ಗಾಳಿ ಇದ್ದರೆ ಅದಕ್ಕೂ ಮುಂಚೆ. ನಡೆಯುವಾಗ ತಪ್ಪಾದದ್ದು ನಿಲ್ಲುವಾಗ ಸರಿ. ಬ್ಯಾಗ್ ತಯಾರಿಸುವವರು ಇಲ್ಲಿ ನಿಲ್ಲುವ ಪರ ವಹಿಸಿದ್ದಾರೆ, ನನಗೆ ಅದು ಒಪ್ಪಿಗೆ. ನಾವು ಮಾಡಬಹುದಾದದ್ದು ಇಷ್ಟೇ. ನೀರಿನ ಬಾಟಲಿ ಪಕ್ಕದ ಜೇಬಿನಲ್ಲಿ, ಬೆನ್ನಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇರಲಿ. ಮೇಲಿನ ಅರೆಯಲ್ಲಿ ಟವಲ್, ಕೋಟಿನಂಥ ಹಗುರದ್ದು. ಕಡಿಮೆ ಬಳಸುವ ಡಿಸ್ಕ್‌ಗಳು ಸಾಲಿನ ಎರಡು ತುದಿಗೆ, ದಿನಾ ಎಸೆಯುವವು ನಡುವಿಗೆ.

ಒಂದು ಪಟ್ಟಿಯ ಬ್ಯಾಗ್ ಸಾಕಾ, ಎರಡು ಪಟ್ಟಿಯದೇ ಬೇಕಾ? ಹೊಸದಾಗಿ ಆಡುವವರಿಗೆ ಮೂರು ಡಿಸ್ಕ್ ಧಾರಾಳ. ಅವಕ್ಕೆ ಹೆಗಲಿಗೆ ನೇತುಹಾಕುವ ಚಿಕ್ಕ ಚೀಲ ಸಾಕು, ಬೆನ್ನಿನ ಬ್ಯಾಗಿಗೆ ದುಡ್ಡು ಹಾಕಬೇಡಿ. ಡಿಸ್ಕ್ ಹತ್ತು ದಾಟಿದರೆ ಮಾತು ಬೇರೆ. ನೀರು ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡವರು ಇನ್ನೊಂದು ಪಕ್ಕಕ್ಕೆ ವಾಲಿಕೊಂಡೇ ನಡೆಯುತ್ತಾರಲ್ವಾ, ಒಂದು ಹೆಗಲ ಬ್ಯಾಗ್ ಮಾಡುವುದೂ ಅದೇ. ಎದುರು ಪಕ್ಕದ ಬೆನ್ನಿನ ಸ್ನಾಯು ಹೆಜ್ಜೆ ಹೆಜ್ಜೆಗೂ ಬಿಗಿಹಿಡಿದಿರಬೇಕು. ಆಮೇಲೆ ಅದೇ ಬೆನ್ನನ್ನು ಪೂರ್ತಿ ತಿರುಗಿಸಿ ಡಿಸ್ಕ್ ಎಸೆಯಬೇಕು.

ಪಟ್ಟಿಯ ಅಗಲವೂ ಮುಖ್ಯ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಕಟ್ಟು ಕೊರಳೆಲುಬಿನ ಕೆಳಗೆ ಹಾದುಹೋಗುತ್ತದೆ. ಪಟ್ಟಿ ಕೂರುವ ಜಾಗ ಸರಿಯಾಗಿ ಅದರ ಮೇಲೇ. ತುಂಬಾ ಭಾರ ಹೊತ್ತ ಸೈನಿಕರಲ್ಲಿ ಈ ನರಗಳು ಅದುಮಿ ತೋಳು ಸೋತುಹೋದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಏಳು ಕೆಜಿಗೆ ಅಷ್ಟೆಲ್ಲ ಆಗುವುದಿಲ್ಲ, ಹೆದರಬೇಡಿ. ಆದರೆ ಹಗ್ಗದಂತೆ ಸುರುಳಿಯಾಗುವ ತೆಳ್ಳನೆ ಪಟ್ಟಿಯಿಂದ ಬೆರಳು ಜುಮ್ಮೆನ್ನಬಹುದು. ಡಿಸ್ಕ್ ಕೊನೆಗೆ ಬಿಡುವುದು ಬೆರಳುಗಳೇ ತಾನೇ.

ಪಟ್ಟಿ ಬಿಗಿಯಾಗಿರಲಿ ಅನ್ನುವುದಕ್ಕೂ ಒಂದು ಕಾರಣ ಇದೆ. ನಡೆಯುವಾಗ ನಮ್ಮ ಮೈ ಪ್ರತಿ ಹೆಜ್ಜೆಗೂ ಕೆಲವು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಾರೆನ್ಸ್ ರೋಮ್ ತಂಡ, ಹೊರೆಯನ್ನು ಸ್ಪ್ರಿಂಗ್ ಮೇಲೆ ಜಾರುವಂತೆ ಕಟ್ಟಿ, ಈ ಏರಿಳಿತದಿಂದಲೇ 7 ವಾಟ್‌ನಷ್ಟು ವಿದ್ಯುತ್ ತೆಗೆದು ತೋರಿಸಿತ್ತು. ಆ ಬ್ಯಾಗ್‌ನಲ್ಲಿದ್ದ ಹೊರೆ ನಮ್ಮದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ನಿಜ. ಆದರೂ ಸಡಿಲವಾಗಿ ನೇತಾಡುವ ಬ್ಯಾಗ್ ಸುಮ್ನೆ ಹೆಗಲನ್ನು ಜಗ್ಗುತ್ತದೆ, ಕರೆಂಟೂ ಕೊಡುವುದಿಲ್ಲ.

ಸೊಂಟದ ಪಟ್ಟಿ? ನನ್ನ ಮಟ್ಟಿಗೆ ಬೇಡ. 54 ಸಲ ಬಕಲ್ ಹಾಕಿ 54 ಸಲ ತೆಗೆಯುವವರನ್ನು ನಾನಂತೂ ನೋಡಿಲ್ಲ. ಹಾಕದೆ ಬಿಟ್ಟರೆ ಅದು ಕಾಲಿಗೆ ಬಡಿಯುತ್ತಿರುತ್ತದೆ.

ಇನ್ನು ಬಟ್ಟೆ, ಹೊಲಿಗೆ. ಚೀಟಿಯಲ್ಲಿ 600 ಡೆನಿಯರ್, 1000 ಡೆನಿಯರ್ ಎಂದು ಬರೆದಿರುತ್ತದೆ. ಅದು 9,000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. ದೊಡ್ಡ ಅಂಕಿ ಅಂದರೆ ದಪ್ಪ ನೂಲು, ಅಷ್ಟೇ. ಅದಕ್ಕಿಂತ ಮೇಲಿನ ಹಿಡಿ ಬ್ಯಾಗಿಗೆ ಸೇರುವ ಜಾಗವನ್ನು ತಿರುಗಿಸಿ ನೋಡಿ. ಬ್ಯಾಗ್ ಮೊದಲು ಕಿತ್ತುಬರುವ ಜಾಗಗಳಲ್ಲಿ ಅದೊಂದು, ಎತ್ತಿದಾಗಲೆಲ್ಲ ಜಗ್ಗು ಬೀಳುವುದು ಅಲ್ಲಿಗೇ. ಒಂದೇ ಸಾಲು ಹೊಲಿಗೆ ಇದ್ದರೆ ಬಿಟ್ಟುಬಿಡಿ. ಚೌಕವಾಗಿ ಹೊಲಿದು, ಚೌಕದೊಳಗೆ ಗುಣಿಸು ಗುರುತಿನ ಹಾಗೆ ಅಡ್ಡಡ್ಡ ಹೊಲಿದಿದ್ದರೆ ಜಗ್ಗು ಹಲವು ಕಡೆ ಹಂಚಿಹೋಗುತ್ತದೆ, ನೂಲು ಒಂದೊಂದಾಗಿ ಬಿಚ್ಚಿಕೊಳ್ಳುವುದಿಲ್ಲ.

ನೀರು ತಡೆಯಲು ಬಟ್ಟೆಯ ಒಳಬದಿಗೆ ಪಾಲಿಯುರೆಥೇನ್ ಲೇಪ ಬಳಿದಿರುತ್ತಾರೆ. ತೇವ ಮತ್ತು ಶಾಖ ಎರಡೂ ಸೇರಿದರೆ ನೀರು ಆ ಲೇಪದ ಅಣುಗಳನ್ನೇ ನಿಧಾನವಾಗಿ ಕತ್ತರಿಸುತ್ತದೆ. ಒಂದು ದಿನ ಒಳಗೆ ಕೈ ಹಾಕಿದರೆ ಅಂಟಂಟು, ಹುಳಿ ವಾಸನೆ, ಪದರ ಪದರವಾಗಿ ಉದುರುವ ಸಿಪ್ಪೆ. ಒದ್ದೆ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ ಅನ್ನುವುದು ಇದಕ್ಕೇ. ಟೆಕ್ಸಸ್ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ. ಆ ಶಾಖಕ್ಕೆ ಡಿಸ್ಕ್‌ಗಳೂ ಮೆತ್ತಗಾಗುತ್ತವೆ, ಓರೆಯಾಗಿ ಒತ್ತಿಕೊಂಡಿದ್ದರೆ ಹಾಗೇ ಸೊಟ್ಟಗಾಗುತ್ತವೆ. ಮನೆಗೆ ತಂದು, ಎಲ್ಲ ಜಿಪ್ ತೆರೆದು, ನೆರಳಿನಲ್ಲಿ ಒಣಗಿಸಿ.

ಇಷ್ಟೆಲ್ಲ ಯಾಕೆ, ಡಿಸ್ಕ್‌ಗಳನ್ನು ಇಟ್ಟು ಕೈಯಲ್ಲಿ ಎಳೆದುಕೊಂಡು ಹೋಗುವ ಗಾಡಿ ತಗೊಂಡರಾಯಿತಲ್ಲ ಅನ್ನುವವರೂ ಇದ್ದಾರೆ. ಜೂಕಾ ಕಂಪನಿಯದಂಥ ಗಾಡಿಗಳಿಗೆ ಕೂರಲು ಸೀಟೂ ಇರುತ್ತದೆ. ಸಮತಟ್ಟು ಹುಲ್ಲಿನಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ, ಎತ್ತುವ ಕೆಲಸವೇ ಇಲ್ಲ, ಹಿಡಿ ಸೊಂಟದ ಎತ್ತರದಲ್ಲಿರುತ್ತದೆ, ಬೆನ್ನುನೋವು ಇರುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಚಕ್ರ ದಾಟಬೇಕಾದ ಬೇರಿನ ಎತ್ತರ ಚಕ್ರದ ತ್ರಿಜ್ಯಕ್ಕೆ ಹತ್ತಿರ ಬಂದಂತೆ ಎಳೆಯಲು ಬೇಕಾದ ಬಲ ವಿಪರೀತ ಏರುತ್ತದೆ. ತ್ರಿಜ್ಯ ಮೀರಿದರೆ ಎಷ್ಟು ಎಳೆದರೂ ಹತ್ತುವುದಿಲ್ಲ, ಎತ್ತಲೇಬೇಕು. ಆಗ ಎತ್ತುವುದು ಏಳು ಕೆಜಿಯನ್ನಲ್ಲ, ಗಾಡಿಯ ತೂಕವನ್ನೂ ಸೇರಿಸಿ. ಸಾಂತಾ ಕ್ರೂಜ್‌ನ ಡಿಲವಿಯಾಗದಂಥ ಏರುತಗ್ಗಿನ ಕೋರ್ಸ್‌ಗೆ ಬೆನ್ನಿನ ಬ್ಯಾಗೇ ಸರಿ. ಗಾಡಿಯೇ ಬೇಕು ಅಂದರೆ ದೊಡ್ಡ ಚಕ್ರದ್ದನ್ನು ನೋಡಿ, ಕೊಳ್ಳುವ ಮುಂಚೆ ನಿಮ್ಮ ಕೋರ್ಸ್‌ನಲ್ಲಿ ಮೆಟ್ಟಿಲು ಎಷ್ಟಿವೆ ಎಂದು ಒಂದು ಸಲ ಎಣಿಸಿಕೊಂಡು ಬನ್ನಿ.