ರತ್ನಗಂಬಳಿಯ ಕುಚ್ಚಿಗೆ ಕತ್ತರಿ ಹಾಕುವ ಮುನ್ನ

ಹಳೆಯ ರತ್ನಗಂಬಳಿಯನ್ನು ಪರೀಕ್ಷೆಗೆ ತರುವ ಮನೆಯವರಲ್ಲಿ ಅನೇಕರು, ಅದು ಚೆನ್ನಾಗಿ ಕಾಣಲೆಂದು ಸವೆದ ಕುಚ್ಚನ್ನು ಮೊದಲೇ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ, ಪರದೆ ಅಂಗಡಿಯಲ್ಲಿ ಸಿಗುವ ಹೊಳೆಯುವ ಸಿದ್ಧ ಕುಚ್ಚನ್ನು ಮಿಷನ್ನಿನಲ್ಲಿ ಹೊಲಿಸಿಕೊಂಡೇ ಬರುತ್ತಾರೆ. ಅದಾದ ಮೇಲೆ ಬೆಲೆ ಕೇಳುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಹದಿನೇಳನೆಯ ಶತಮಾನದ ಪರ್ಷಿಯನ್ ಕಂಬಳಿಯೊಂದು ಸುಮಾರು 3.37 ಕೋಟಿ ಡಾಲರಿಗೆ ಹೋದ ಸುದ್ದಿ ಅವರಲ್ಲಿ ಕೆಲವರಿಗೆ ಬಾಯಿಪಾಠ.

ಕೈಯಿಂದ ನೇಯ್ದ ಕಂಬಳಿಯ ಕುಚ್ಚು ಆಮೇಲೆ ಅಂಟಿಸಿದ ಅಲಂಕಾರವಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳೇ ನೇಯ್ಗೆ ಮುಗಿದ ಕಡೆ ಹೊರಗುಳಿದು ಕುಚ್ಚಾಗಿರುತ್ತವೆ. ನೇಕಾರರು ಆ ಎಳೆಗಳ ಮೇಲೆ ಉಣ್ಣೆಯ ಗಂಟುಗಳನ್ನು ಕಟ್ಟಿ, ಪ್ರತಿ ಸಾಲಿನ ಬಳಿಕ ಅಡ್ಡಲಾಗಿ ಹೊಕ್ಕಿನ ಎಳೆ ಹಾಯಿಸಿ ಬಿಗಿಯಾಗಿ ಬಡಿದಿರುತ್ತಾರೆ. ತುದಿಯನ್ನು ಕತ್ತರಿಸಿದರೆ ಮೊದಲು ಹೊಕ್ಕು ಸಡಿಲವಾಗಿ, ಆಮೇಲೆ ಗಂಟುಗಳು ಸಾಲುಸಾಲಾಗಿ ಕಳಚುತ್ತವೆ. ಮಿಷನ್ ಹೊಲಿಗೆ ಇದನ್ನು ತಡೆಯುತ್ತದೆಂಬ ನಂಬಿಕೆಯೂ ಸರಿಯಲ್ಲ, ಏಕೆಂದರೆ ಮಡಿಕೆಯ ಗೆರೆಯ ಮೇಲೆಯೇ ಕಾಲು ಬಿದ್ದು ಅಲ್ಲಿ ಉಣ್ಣೆ ಬೇಗ ಸವೆಯುತ್ತದೆ. ಹಾಸು ಹತ್ತಿಯದೋ, ಉಣ್ಣೆಯದೋ, ರೇಷ್ಮೆಯದೋ, ತುದಿಯನ್ನು ಹೇಗೆ ಮುಗಿಸಿದ್ದಾರೆ ಎಂಬುದರಿಂದಲೇ ಕಂಬಳಿ ಎಲ್ಲಿಯದೆಂಬ ಸುಳಿವು ನಮಗೆ ಬಹುಮಟ್ಟಿಗೆ ಸಿಗುತ್ತದೆ. ಕತ್ತರಿಗೆ ಮೊದಲು ಬಲಿಯಾಗುವುದು ಆ ಸುಳಿವೇ.

ನಿವೃತ್ತ ಪ್ರಾಧ್ಯಾಪಕರೊಬ್ಬರು ತಂದ ಕಂಬಳಿಗೆ ಇಂಥದೇ ಚಿನ್ನದ ಬಣ್ಣದ ಪಟ್ಟಿಯಿತ್ತು. "ಮೊಮ್ಮಗಳ ಕಾಲಿಗೆ ಕುಚ್ಚು ತೊಡರುತ್ತಿತ್ತು ಸಾರ್, ಅದಕ್ಕೇ ತೆಗೆಸಿಬಿಟ್ಟೆವು" ಎಂದರು ಅವರ ಶ್ರೀಮತಿ. ಇಂಥವರನ್ನು ಗದರಲು ಬಾಯಿ ಬರುವುದಿಲ್ಲ. ಹೊಲಿಗೆ ಬಿಚ್ಚಿದಾಗ ಒಳಗೆ ಮಡಚಿಹೋಗಿದ್ದ ಅಂಚಿನಲ್ಲಿ ಕೆಂಪು ಗಾಢವಾಗಿಯೇ ಉಳಿದಿತ್ತು, ಹೊರಗಿನದು ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆದರೆ ಆ ಅಂಚಿನ ಉದ್ದಕ್ಕೂ ಸೂಜಿ ಗಂಟುಗಳನ್ನು ಸೀಳಿಕೊಂಡು ಹೋಗಿತ್ತು.

ಈ ವಿಷಯದಲ್ಲಿ ವ್ಯಾಪಾರಿಗಳೇನೂ ಸಾಚಾ ಅಲ್ಲ. ಇರಾನಿನ ಆರ್ದಬಿಲ್‌ನ ಹೆಸರಿನಿಂದ ಪ್ರಸಿದ್ಧವಾದ ಜೋಡಿ ಕಂಬಳಿಗಳ ಮೇಲೆ ಹಿಜರಿ 946, ಅಂದರೆ ಕ್ರಿ.ಶ. 1539–40, ಎಂದು ನೇಯ್ದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದನ್ನು ಪೂರ್ಣಗೊಳಿಸಲು ವ್ಯಾಪಾರಿಗಳು ಇನ್ನೊಂದರ ತುಂಡುಗಳನ್ನು ಬಳಸಿದರು. ಪೂರ್ಣಗೊಂಡದ್ದನ್ನು 1893ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯ 2,000 ಪೌಂಡಿಗೆ ಕೊಂಡಿತು. ಅಂಚು ಕಳೆದುಕೊಂಡ ಇನ್ನೊಂದು ಈಗ ಲಾಸ್ ಏಂಜಲೀಸ್‌ನಲ್ಲಿದೆ. ಅಂಥ ಅಪರೂಪದ ವಸ್ತುವಿಗೆ ಈ ಊನ ತಡೆದುಕೊಳ್ಳುವ ಶಕ್ತಿ ಇದೆ, ನಮ್ಮ ನಡುಮನೆಯ ಕಂಬಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಬೆಲೆ ಬರುವುದಿಲ್ಲ, ಕಂಬಳಿಯನ್ನು ಮಗುಚಿ ಹಿಂಬದಿ ನೋಡದೆ ಬರೀ ಫೋಟೋ ಕಂಡು ಬೆಲೆ ಹೇಳಲೂ ಆಗದು. ಕುಚ್ಚು ಬಿಚ್ಚುತ್ತಿದ್ದರೆ ಅದರ ಮೇಲೆ ವ್ಯಾಕ್ಯೂಮ್ ಕ್ಲೀನರ್ ಓಡಿಸಬೇಡಿ, ಕಂಬಳಿಯನ್ನು ಮಡಚದೆ ಸುರುಳಿ ಸುತ್ತಿಡಿ, ಮತ್ತು ಉಳಿದಿರುವ ತುದಿಯನ್ನು ಹತ್ತಿನೂಲಿನ ಕೈಹೊಲಿಗೆಯಿಂದ ಭದ್ರಪಡಿಸುವವರೆಗೆ ದರ್ಜಿಗೆ ತೋರಿಸಲೇಬೇಡಿ.