ಕೂದಲು ಉದುರದ ನಾಯಿ ತಂದರೆ ಸೀನು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಹಳೆಯ ನಾಯಿ ಸತ್ತು ವರ್ಷವಾಯಿತು. ತೋಟ, ಕೊಟ್ಟಿಗೆ ಇರುವ ಮನೆಗೆ ನಾಯಿ ಬೇಕೇ ಬೇಕು. ಆದರೆ ಸೊಸೆಗೆ ನಾಯಿ ಹತ್ತಿರ ಬಂದರೆ ಸೀನು, ಕಣ್ಣು ತುರಿಕೆ. ಕೂದಲು ಉದುರದ ಜಾತಿಯ ನಾಯಿಯಿಂದ ಅಲರ್ಜಿ ಆಗುವುದಿಲ್ಲ ಎನ್ನುತ್ತಾರೆ. ಯಾವ ಜಾತಿಯದು ತರಲಿ?

ಉತ್ತರ: ಜಾನುವಾರು ಆಸ್ಪತ್ರೆಯ ಕೆಲಸದಿಂದ ನಿವೃತ್ತನಾದ ಮೇಲೂ ನನ್ನನ್ನು ಬಿಡದ ಪ್ರಶ್ನೆ ಇದು. ಕೇಳುವವರ ಊರು ಬದಲಾಗುತ್ತದೆ, 'ಕೂದಲು ಉದುರದ ಜಾತಿ' ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಲರ್ಜಿ ಮಾಡದ ನಾಯಿಜಾತಿ ಎಂಬುದು ಇಲ್ಲ. ಪೂಡಲ್ ಆಗಲಿ, ಶಿಟ್ಜು ಆಗಲಿ, ಮೈಮೇಲೆ ಕೂದಲೇ ಇಲ್ಲದ ಮೆಕ್ಸಿಕೋದ ನಾಯಿಯಾಗಲಿ, ಯಾವುದೂ ಇದಕ್ಕೆ ಹೊರತಲ್ಲ.

ಸೀನು ಬರಿಸುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರ ಇವುಗಳಲ್ಲಿರುವ ಕೆಲವು ಪ್ರೋಟೀನ್‌ಗಳು. ಅವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಒಣಗಿದ್ದು ಹೊಟ್ಟಿನ ಜೊತೆ ಪುಡಿಯಾಗಿ ಗಾಳಿಗೆ ಏಳುತ್ತದೆ. ಚಾಲಿ ಅಡಿಕೆ ಸುಲಿಯುವಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೂಗಿಗೆ ಹೋಗುವುದು ಸಿಪ್ಪೆಯಲ್ಲ, ಸಿಪ್ಪೆಯಿಂದ ಎದ್ದ ಧೂಳು. ಜೊಲ್ಲಿಲ್ಲದ ನಾಯಿ, ಚರ್ಮವಿಲ್ಲದ ನಾಯಿ ಇದ್ದರೆ ಹೇಳಿ, ನಾನೇ ಮೊದಲು ಶಿಫಾರಸು ಮಾಡುತ್ತೇನೆ.

'ಕೂದಲು ಕಡಿಮೆ ಉದುರಿದರೆ ಧೂಳೂ ಕಡಿಮೆಯಲ್ಲವೇ?' ಎಂದು ಮರುಪ್ರಶ್ನೆ ಬರುತ್ತದೆ. ಕೇಳಲು ಸರಿ ಎನಿಸುವ ತರ್ಕ. ಆದರೆ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಒಂದೊಂದೇ ನಾಯಿ ಇದ್ದ 173 ಮನೆಗಳಲ್ಲಿ ಕೂಸು ಮಲಗುವ ಕೋಣೆಯ ಧೂಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. 'ಅಲರ್ಜಿ ಮಾಡದ' ನಾಯಿಯ ಮನೆಗೂ ಉಳಿದ ಮನೆಗಳಿಗೂ ಕ್ಯಾನ್ ಎಫ್ 1 ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನವರು ನಾಯಿಗಳ ಕೂದಲನ್ನೇ ಪರೀಕ್ಷಿಸಿದರು. ಪೂಡಲ್, ಲ್ಯಾಬ್ರಡೂಡಲ್‌ನಂಥ 'ಸುರಕ್ಷಿತ' ನಾಯಿಗಳ ಕೂದಲಿನಲ್ಲಿ ಆ ಪ್ರೋಟೀನ್ ಹೆಚ್ಚೇ ಇತ್ತು! ಮನೆಯ ಗಾಳಿಯಲ್ಲಂತೂ ಅವುಗಳಿಂದ ಯಾವ ಲಾಭವೂ ಕಾಣಲಿಲ್ಲ.

ಲ್ಯಾಬ್ರಡೂಡಲ್ ಹುಟ್ಟಿದ ಕಥೆಯಲ್ಲೇ ಪಾಠ ಇದೆ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. 1989ರಲ್ಲಿ ಆಸ್ಟ್ರೇಲಿಯದ ವಾಲಿ ಕಾನ್ರನ್ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಮರಿ ಮಾಡಿಸಿ, ಮೂರು ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಯನ್ನು ಹವಾಯಿಗೆ ಕಳುಹಿಸಿದರು. ಆ ಮನುಷ್ಯನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ ಒಂದು. ಅದೇ ತಾಯಿ, ಅದೇ ತಂದೆ, ಅದೇ ಸೂಲು. ಜಾತಿಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಉಳಿದೆರಡು ಮರಿಗಳು ಮಾಡಿದ ತಪ್ಪೇನು?

'ನೆಂಟರ ಮನೆಯ ಪೂಡಲ್‌ನಿಂದ ನನಗೇನೂ ಆಗಲಿಲ್ಲ' ಎನ್ನುವವರ ಅನುಭವ ಸುಳ್ಳಲ್ಲ. ಆ ಒಂದು ನಾಯಿ ಅವರಿಗೆ ಒಗ್ಗಿರಬಹುದು, ಹಿಂದಿನ ದಿನವಷ್ಟೇ ಅದಕ್ಕೆ ಸ್ನಾನ ಆಗಿರಬಹುದು, ಅಥವಾ ಅವರು ಅಲ್ಲಿ ಕುಳಿತದ್ದೇ ಕಾಫಿ ಕುಡಿಯುವಷ್ಟು ಹೊತ್ತಾಗಿರಬಹುದು. ಅದನ್ನು ನಂಬಿ ದುಬಾರಿ ಮರಿ ತಂದು, ಮೂರು ತಿಂಗಳಲ್ಲಿ ದಾರಿಗೆ ಬಿಟ್ಟವರನ್ನು ನೋಡಿದ್ದೇನೆ. ಆಷಾಢದ ಮಳೆಯಲ್ಲಿ ಆ ಗುಂಗುರು ಕೂದಲು ಗಂಟುಗಟ್ಟಿ, ಅಡಿಯಲ್ಲಿ ಚರ್ಮ ಕೊಳೆತ ನಾಯಿಗಳಿಗೆ ನನ್ನ ಕೈಯಾರೆ ಔಷಧಿ ಹಚ್ಚಿದ್ದೇನೆ. ಈ ತಪ್ಪು ನಂಬಿಕೆಯ ಮೇಲೆ ನನಗೆ ಸಿಟ್ಟಿರುವುದು ಅದಕ್ಕೆ.

ಹಾಗಾದರೆ ಏನು ಮಾಡಬೇಕು? ನಾಯಿಯ ಜಾತಿ ಹುಡುಕುವುದಕ್ಕೆ ಮೊದಲು ಸೊಸೆಯನ್ನು ಅಲರ್ಜಿ ತಜ್ಞರ ಬಳಿ ಕಳುಹಿಸಿ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತಪರೀಕ್ಷೆಯೂ ಇದೆ. ನಮ್ಮ ಮಲೆನಾಡಿನ ತೇವದಲ್ಲಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳು ಚೆನ್ನಾಗಿ ಬೆಳೆಯುತ್ತವೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ನಾಯಿಯ ತಲೆಗೆ ಕಟ್ಟಿದ ಸೀನು ಎಷ್ಟೋ ಸಲ ಇವುಗಳದ್ದಾಗಿರುತ್ತದೆ. ಉಬ್ಬಸ ಜೋರಾಗಿದ್ದು ಇನ್ಹೇಲರ್ ಮೇಲೆ ದಿನ ಕಳೆಯುವವರಿದ್ದರೆ ನಾಯಿಯ ಯೋಚನೆ ಬಿಡಿ. ಬೇಸರವಾದರೂ ಇದನ್ನು ಹೇಳಲೇಬೇಕು.

ಪರೀಕ್ಷೆಯಲ್ಲಿ ಒಂದು ವಿಷಯವನ್ನು ವಿಚಾರಿಸಿ. ಕ್ಯಾನ್ ಎಫ್ 5 ಎಂಬ ಇನ್ನೊಂದು ಪ್ರೋಟೀನ್ ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆ. ಕೆಲವರಿಗೆ ನಾಯಿಯಲ್ಲಿ ಒಗ್ಗದಿರುವುದು ಅದೊಂದೇ. ಅಂಥವರಿಗೆ ಹೆಣ್ಣುನಾಯಿ ಒಗ್ಗುವ ಸಾಧ್ಯತೆ ಇದೆ. ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಹತ್ತಿರ ಬಿಟ್ಟುಬರುವ ನಮ್ಮ ಊರುಗಳಲ್ಲಿ ಈ ಮಾತನ್ನು ನಾಲ್ಕು ಜನಕ್ಕೆ ಹೇಳಿ.

ಆಮೇಲೆ ನಾಯಿ. ನಿಮ್ಮ ಕಣ್ಣಿಗೆ ಬಿದ್ದ ಆ ಒಂದೇ ನಾಯಿಯ ಜೊತೆ ಸೊಸೆ ಮೂರು ನಾಲ್ಕು ಸಲ, ಬಾಗಿಲು ಹಾಕಿದ ಕೋಣೆಯಲ್ಲಿ ಗಂಟೆಗಟ್ಟಲೆ ಇದ್ದು ನೋಡಲಿ. ಊರುನಾಯಿಯಾದರೂ ಸರಿ, ಮುಧೋಳವಾದರೂ ಸರಿ. ತಂದ ಮೇಲೆ ಮಲಗುವ ಕೋಣೆಗೆ ಪ್ರವೇಶ ಬೇಡ. ವಾರಕ್ಕೆ ಎರಡು ಸ್ನಾನ, ಅದೂ ಅಲರ್ಜಿ ಇಲ್ಲದವರ ಕೈಯಿಂದ. ಸ್ನಾನದ ಫಲ ನಿಲ್ಲುವುದು ಕೆಲವೇ ದಿನ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಪೂರ್ತಿ ಒಣಗಿಸಿ ಬಿಡಿ.

'ಹೊರಗೇ ಕಟ್ಟಿದರಾಯಿತಲ್ಲ' ಎಂದುಕೊಂಡಿರುತ್ತೀರಿ. ನೀವು ಕೇಳಿಲ್ಲ, ಆದರೆ ಒಂಟಿಮನೆಯವರಿಗೆ ಇದನ್ನು ಹೇಳದೆ ಬಿಡಲಾರೆ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಓಡಲೂ ಆಗದು, ಅಡಗಲೂ ಆಗದು. ಮೊಳೆ ಹೊಡೆದ ಕೊರಳಪಟ್ಟಿ ಕುತ್ತಿಗೆಯನ್ನು ಕಾಯಬಹುದು, ಇಡೀ ಮೈಯನ್ನಲ್ಲ. ಒಳಗೆ ಮಲಗಿಸಿದರೆ ಸೊಸೆಗೆ ಕಷ್ಟ, ಹೊರಗೆ ಕಟ್ಟಿದರೆ ನಾಯಿಗೆ ಸಾವು. ಎರಡೂ ಬೇಡ. ಕೊಟ್ಟಿಗೆಯ ಮೂಲೆಯಲ್ಲೋ ಜಗಲಿಯ ತುದಿಯಲ್ಲೋ ಗಟ್ಟಿ ಕಬ್ಬಿಣದ ಜಾಲರಿಯ ಗೂಡು ಕಟ್ಟಿಸಿ. ಮೇಲ್ಗಡೆಯೂ ಜಾಲರಿ ಇರಲಿ, ಏಕೆಂದರೆ ಚಿರತೆ ಹತ್ತಬಲ್ಲದು. ನೆಲದಿಂದ ಗೇಣೆತ್ತರಕ್ಕೆ ಹಲಗೆ ಹಾಕಿ, ಅದರ ಮೇಲೆ ಒಣಗಿದ ಗೋಣಿಚೀಲ, ಇರಚಲು ತಾಗದಂತೆ ಒಂದು ಬದಿಗೆ ತಗಡು. ಅಂಗಳ ಕಾಣುವಂತೆ ಬಾಗಿಲಿಟ್ಟರೆ ರಾತ್ರಿ ಅಲ್ಲಿಂದಲೇ ಬೊಗಳಿ ನಿಮ್ಮನ್ನು ಎಬ್ಬಿಸುತ್ತದೆ. ಮರಿ ತರುವ ಮೊದಲೇ ಈ ಕೆಲಸ ಮುಗಿದಿರಲಿ.